ಒಂದು ತಿರುವಿಗೆ ಮೂರು ಅಳತೆ

ಹೆದ್ದಾರಿ ಇಲಾಖೆಯ ಆ ಕಚೇರಿಯಲ್ಲಿ ಅವರನ್ನು ಎಲ್ಲರೂ ಗಾಲಿರಾಯರು ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಉದ್ದನೆಯ ಹಿಡಿ, ಅದರ ತುದಿಗೆ ಒಂದೇ ಒಂದು ಚಕ್ರ. ಅದನ್ನು ಮುಂದೆ ತಳ್ಳಿಕೊಂಡು ರಸ್ತೆಯ ಅಂಚಿನಲ್ಲಿ ನಡೆಯುವುದು ಅವರ ಉದ್ಯೋಗ. ಗಾಲಿ ಒಂದು ಸುತ್ತು ಉರುಳಿದರೆ ಟಿಕ್ ಎನ್ನುತ್ತಿತ್ತು, ಹಿಡಿಯ ಬುಡದ ಪುಟ್ಟ ಕಿಟಕಿಯಲ್ಲಿ ಅಂಕಿ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ರಸ್ತೆ ಎಷ್ಟು ಅಗಲ, ಎಲ್ಲಿ ತಿರುಗುತ್ತದೆ, ಎಷ್ಟು ಇಳಿಜಾರು, ಪಕ್ಕದಲ್ಲಿ ಮಣ್ಣಿನ ಅಂಚು ಎಷ್ಟಿದೆ, ಮೋರಿ ಎಲ್ಲಿ, ಫಲಕ ಎಲ್ಲಿ, ಎಲ್ಲವನ್ನೂ ಬರೆದುಕೊಂಡು ಬಂದು ಕಚೇರಿಗೆ ಒಪ್ಪಿಸುತ್ತಿದ್ದರು. ಅದನ್ನು ನೋಡಿ, ಎಲ್ಲಿ ಜನ ಸಾಯಬಹುದು ಎಂದು ಮೇಲಿನವರು ಲೆಕ್ಕ ಹಾಕಿ, ಅಲ್ಲಿ ವಾಹನ ತಡೆಯುವ ಕಬ್ಬಿಣದ ಪಟ್ಟಿ, ಅಂದರೆ ಗಾರ್ಡ್‌ರೈಲು ಹಾಕಬೇಕೋ ಬೇಡವೋ ತೀರ್ಮಾನಿಸುತ್ತಿದ್ದರು. ತೀರ್ಮಾನ ಬರುವ ಹೊತ್ತಿಗೆ ಜನ ಸಾಮಾನ್ಯವಾಗಿ ಸತ್ತಿರುತ್ತಿದ್ದರು. ಅದು ರಾಯರ ವಿಭಾಗಕ್ಕೆ ಸೇರಿದ ವಿಷಯವಲ್ಲ.

ರಾಯರು ಈ ಕೆಲಸವನ್ನು ನಡಿಗೆ ಎಂದು ಎಂದೂ ಕರೆದವರಲ್ಲ. ಅವರ ಬಾಯಲ್ಲಿ ಅದು ಸರ್ವೇಕ್ಷಣೆ. ಹಿಂದಿನಿಂದ ಬಂದ ಲಾರಿ ಕಿವಿ ತೂತಾಗುವಂತೆ ಹಾರ್ನ್ ಹೊಡೆದರೆ, ವಂದನೆ ಸ್ವೀಕರಿಸಿದವರ ಹಾಗೆ ತಲೆಯನ್ನು ಕೊಂಚವೇ ಬಾಗಿಸಿ ಕೈಯೆತ್ತುತ್ತಿದ್ದರು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಹಜಾರವನ್ನು ಕಣ್ಣಲ್ಲಿ ಅಳೆದು, "ಹನ್ನೆರಡು ಅಡಿ ಅಂದಿದ್ರಲ್ಲ, ಹನ್ನೊಂದೂ ಮುಕ್ಕಾಲು ಇದ್ದ ಹಾಗಿದೆ" ಎಂದು ಮನೆಯವರ ಮುಖ ಸಪ್ಪೆ ಮಾಡುತ್ತಿದ್ದರು. ಈ ವಿದ್ಯೆಗೆ ಮರುಳಾಗದೆ ಉಳಿದವರು ಇಬ್ಬರೇ. ಒಬ್ಬರು ಅವರ ಹೆಂಡತಿ. ಇನ್ನೊಬ್ಬರು ಅವರ ಅಕ್ಕ.

ಅಕ್ಕನ ಮನೆ ಹೆದ್ದಾರಿಯ ಒಂದು ತಿರುವಿನಲ್ಲಿತ್ತು. ತಿರುವಿನಲ್ಲಿ ಎಂದರೆ, ತಿರುಗದೆ ಹೋದವರು ನೇರವಾಗಿ ಸೇರುವ ಜಾಗದಲ್ಲಿ. ರಸ್ತೆ ಗುಡ್ಡದ ಮೇಲಿಂದ ಉತ್ಸಾಹವಾಗಿ ಇಳಿದು ಬಂದು, ಏನೋ ಮರೆತುಹೋದದ್ದು ನೆನಪಾದ ಹಾಗೆ ಒಮ್ಮೆಲೇ ಎಡಕ್ಕೆ ಹೊರಳುತ್ತಿತ್ತು. ಹೊರಳುವುದು ಮರೆತ ವಾಹನಗಳು ಅಕ್ಕನ ಕಾಂಪೌಂಡು ಗೋಡೆಗೆ ಬರುತ್ತಿದ್ದವು. ಒಮ್ಮೆ ಹಾಲಿನ ವ್ಯಾನು. ಒಮ್ಮೆ ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆದಿರಲಿಲ್ಲ. ಮತ್ತೊಮ್ಮೆ ಸಿಮೆಂಟು ಲಾರಿಯೊಂದು ಗೋಡೆ ಕೆಡವಿ, ಅದನ್ನು ಮತ್ತೆ ಕಟ್ಟುವುದಕ್ಕೆ ಬೇಕಾದಷ್ಟು ಸಿಮೆಂಟನ್ನು ಅಂಗಳದಲ್ಲೇ ಚೆಲ್ಲಿ ಹೋಗಿತ್ತು.

"ಬರೋರು ಬರಿಗೈಲಿ ಬರ್ಲಿಲ್ಲ, ಅಷ್ಟು ಸಂಸ್ಕಾರ ಇದೆ" ಎಂದಿದ್ದಳು ಅಕ್ಕ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಮುಂಬದಿಯ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಅರ್ಧ ಹೊಲಿದ ರವಿಕೆಗಳ ರಾಶಿ, ಗೋಡೆಗೆ ಒರಗಿಸಿಟ್ಟ ಇಸ್ತ್ರಿ ಹಲಗೆ. ಭಾವ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಬೆಳಿಗ್ಗೆ ಅಂಗಳದ ಕಲ್ಲುಬೆಂಚಿನ ಮೇಲೆ ಪೇಪರು ಹಿಡಿದು ಕೂತರೆ ಬಿಸಿಲು ತಲೆಗೇರುವ ತನಕ ಏಳುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ, ಇಬ್ಬರೂ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು ಚೆನ್ನಾಗಿಯೇ ಇದ್ದರು.

ರಾಯರು ಮನೆಗೆ ಬಂದಾಗಲೆಲ್ಲ ಅಕ್ಕ ಕೇಳುತ್ತಿದ್ದದ್ದು ಒಂದೇ. "ನಿನ್ನ ಇಲಾಖೆ ರಸ್ತೆ ನನ್ನ ಮನೆಯೊಳಗೆ ಬರ್ತಾ ಇದೆ. ಅಡ್ಡ ಒಂದು ಕಬ್ಬಿಣದ ಪಟ್ಟಿ ಹಾಕ್ಸೋಕೆ ಆಗಲ್ವೇನೋ ನಿನ್ನ ಕೈಲಿ?"

"ಅದಕ್ಕೊಂದು ಕ್ರಮ ಇದೆ ಅಕ್ಕ. ಮೊದಲು ಅಂಕಿಅಂಶ ಬೇಕು."

"ಗೋಡೆ ಎಷ್ಟು ಸಲ ಬಿತ್ತು ಅಂತ ನಾನೇ ಹೇಳ್ತೀನಲ್ಲ. ಅದು ಅಂಕಿ ಅಲ್ವಾ?"

"ಅದು ಘಟನೆ. ಅಂಕಿ ಬೇರೆ."

ಭಾವ ಪೇಪರಿನ ಹಿಂದಿನಿಂದ, "ನಾವು ಇನ್ನೂ ಅಂಕಿ ಆಗಿಲ್ಲ ಕಣೇ. ಸ್ವಲ್ಪ ತಡ್ಕೋ" ಎಂದರು.

ನಗುವಿನ ಮಾತಾದರೂ ರಾಯರಿಗೆ ಅದು ತಾಗಿತ್ತು. ಅಕ್ಕನ ಮನೆ ಮುಂದೆ ಗಾರ್ಡ್‌ರೈಲು ಹಾಕಿಸಿಯೇ ತೀರುತ್ತೇನೆ, ಅದೂ ಯಾರ ಕಾಲನ್ನೂ ಹಿಡಿಯದೆ ಕ್ರಮಬದ್ಧವಾಗಿ, ಎಂದು ಅವರು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಆ ಗಂಟು ಬಿಚ್ಚುವ ಅವಕಾಶ ತಾನಾಗಿ ಬಂತು.

ಕಚೇರಿಯ ದೊಡ್ಡ ಎಂಜಿನಿಯರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಮೃದು ಮಾತಿನ ಮನುಷ್ಯ. ಯಾರಿಗೂ ಇಲ್ಲ ಎಂದವರಲ್ಲ, ಯಾರ ಕೆಲಸವನ್ನೂ ಮಾಡಿಕೊಟ್ಟವರೂ ಅಲ್ಲ. ಒಂದು ದಿನ ಅವರು ಎಲ್ಲರನ್ನೂ ಸಭೆಗೆ ಕರೆದರು. ಇಡೀ ಹೆದ್ದಾರಿಯ ವಿವರವನ್ನು ಹೊಸದಾಗಿ ಸಂಗ್ರಹಿಸಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಹೇಗೆ ಸಂಗ್ರಹಿಸುವುದು ಎಂಬುದೇ ಪ್ರಶ್ನೆ. ರಾಯರ ಹಾಗೆ ಗಾಲಿ ತಳ್ಳಿಕೊಂಡು ನಡೆದು ಅಳೆಯುವುದು ಒಂದು ಬಗೆ. ತಲೆಯ ಮೇಲೆ ಕ್ಯಾಮೆರಾ, ಬೆನ್ನಿಗೆ ಲೇಸರ್ ಪೆಟ್ಟಿಗೆ ಹೊತ್ತ ವ್ಯಾನನ್ನು ಓಡಿಸಿ ಅಳೆಯುವುದು ಇನ್ನೊಂದು. ಆಕಾಶದಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ಅಳೆಯುವುದು ಮೂರನೆಯದು. ಮೂರರಿಂದಲೂ ಒಂದೇ ತುಂಡು ರಸ್ತೆಯನ್ನು ಅಳೆಸಿ, ಯಾವುದು ನಂಬಿಕೆಗೆ ಯೋಗ್ಯ ಎಂದು ಹೋಲಿಸಿ ವರದಿ ಕಳಿಸಬೇಕು.

"ಇಂಥ ಹೋಲಿಕೆಗೆ ಸುಲಭದ ರಸ್ತೆ ಆಗಲ್ಲ. ಎಲ್ಲ ಥರದ ಕಷ್ಟ ಇರೋ ಒಂದು ಮಾದರಿ ತುಂಡು ಬೇಕು" ಎಂದರು ಸಾಹೇಬರು.

ರಾಯರು ಎದ್ದು ನಿಂತರು. ಎದ್ದು ನಿಲ್ಲುವ ಅಗತ್ಯವಿರಲಿಲ್ಲ. ಉಳಿದವರೆಲ್ಲ ಕೂತೇ ಮಾತಾಡಿದ್ದರು. "ಸಾರ್, ನನಗೊಂದು ತಿರುವು ಗೊತ್ತು. ಇಳಿಜಾರಿದೆ, ಮೋರಿ ಇದೆ, ಅಂಚು ಕಿತ್ತುಹೋಗಿದೆ, ರಸ್ತೆ ಮೇಲೆ ಮರದ ನೆರಳಿದೆ, ಪಕ್ಕದಲ್ಲೇ ಮನೆ ಇದೆ. ಇಡೀ ಹೆದ್ದಾರೀಲಿ ಅಂಥ ಕಷ್ಟದ ಜಾಗ ಇನ್ನೊಂದಿಲ್ಲ."

ಮೂರು ಮೂರು ವಿಧಾನಗಳ ಕಣ್ಣು ಒಟ್ಟಿಗೆ ಬಿದ್ದ ಮೇಲೆ ಆ ತಿರುವಿಗೆ ರೈಲು ಹಾಕದೆ ಇರಲು ಯಾರಿಗೆ ಧೈರ್ಯ ಬಂದೀತು ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

"ಶಹಬ್ಬಾಸ್ ರಾಯರೇ" ಎಂದರು ಸಾಹೇಬರು. ಎಲ್ಲರೂ ಮೇಜು ತಟ್ಟಿದರು. ರಾಯರ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸಿತು. ಆಮೇಲೆ ಸಾಹೇಬರು ಕನ್ನಡಕ ಏರಿಸಿಕೊಂಡು ಆದೇಶದ ಕೊನೆಯ ಸಾಲು ಓದಿದರು. ಮೂರೂ ಅಳತೆ ತಾಳೆಯಾಗಿ ಹೋಲಿಕೆ ಮುಗಿಯುವ ತನಕ ಮಾದರಿ ತುಂಡಿನಲ್ಲಿ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ. ಇಂದು ಒಂದು ಥರ, ನಾಳೆ ಒಂದು ಥರ ಇದ್ದರೆ ಅಳತೆಗಳನ್ನು ಹೋಲಿಸುವುದಾದರೂ ಹೇಗೆ.

"ಆ ತಿರುವಿಗೆ ಈ ವರ್ಷವೇ ಗಾರ್ಡ್‌ರೈಲು ಹಾಕೋಣ ಅಂತಿದ್ವಿ. ಅದನ್ನ ಸದ್ಯಕ್ಕೆ ನಿಲ್ಲಿಸ್ಬೇಕಾಗುತ್ತೆ. ಪರವಾಗಿಲ್ಲ, ಸ್ವಲ್ಪ ದಿನದ ಮಾತು" ಎಂದರು ಸಾಹೇಬರು.

ರಾಯರು ಇನ್ನೂ ನಿಂತೇ ಇದ್ದರು. ಅದೇ ಕ್ಷಣದಲ್ಲಿ, ಸಾರ್ ಬೇಡ, ಬೇರೆ ತಿರುವು ನೋಡೋಣ ಎನ್ನಬಹುದಿತ್ತು. ಆದರೆ ಮೇಜು ತಟ್ಟಿದ ಕೈಗಳು ಇನ್ನೂ ಮೇಜಿನ ಮೇಲೇ ಇದ್ದವು. ಹೊಗಳಿಸಿಕೊಂಡ ಬಾಯಲ್ಲೇ ಅದನ್ನು ವಾಪಸು ಕೊಡುವುದು ಹೇಗೆ ಎಂದು ತೋಚದೆ, ರಾಯರು ಕೂತರು.

ಅಕ್ಕನಿಗೆ ಅವರು ಹೇಳಿದ್ದು ಇಷ್ಟೇ: "ನಿನ್ನ ತಿರುವು ಈಗ ಮಾದರಿ ತಿರುವು."

"ಹೌದಾ. ಪಟ್ಟಿ ಯಾವಾಗ ಬರುತ್ತೆ?"

"ಅಳತೆ ಮುಗಿದ ತಕ್ಷಣ."

ವ್ಯಾನು ಬಂತು. ಅದನ್ನು ನಡೆಸುತ್ತಿದ್ದವಳು ಕಂಪನಿಯೊಂದರ ಹುಡುಗಿ; ವಯಸ್ಸಿನಲ್ಲಿ ರಾಯರಿಗೆ ಮಗಳಾಗಬೇಕು, ಆದರೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ, ಅಷ್ಟರಲ್ಲಿ ಅವಳ ಕೆಲಸ ಮುಗಿದುಹೋಯಿತು. ಅಕ್ಕ ಕರೆದು ಚಹಾ ಕೊಟ್ಟಳು. ರಾಯರು ಬೆವರು ಒರೆಸಿಕೊಳ್ಳುತ್ತಾ, ಗಾಲಿ ತಳ್ಳಿಕೊಂಡು ಅಂಗಳಕ್ಕೆ ಬಂದಾಗ ಮೇಡಂ ಕಲ್ಲುಬೆಂಚಿನ ಮೇಲೆ ಭಾವನ ಪಕ್ಕ ಕೂತು ಮಡಿಲ ಮೇಲಿನ ಕಂಪ್ಯೂಟರಿನಲ್ಲಿ ಏನೋ ತೋರಿಸುತ್ತಿದ್ದಳು.

"ಇದು ಆಕಾಶದ ಚಿತ್ರದಿಂದ ಬಂದದ್ದು, ಅಂಕಲ್. ರಸ್ತೇನೆಲ್ಲ ಕೆಂಪು ಬಣ್ಣದಲ್ಲಿ ತೋರಿಸುತ್ತೆ."

ಭಾವ ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮ ಮನೇನೂ ಕೆಂಪಗಿದೆಯಲ್ಲಮ್ಮ."

"ನಿಮ್ಮ ಮಾಡಿನ ಶೀಟು ಬೂದು ಬಣ್ಣ. ಟಾರಿನ ಬಣ್ಣಾನೂ ಅದೇ. ಅದಕ್ಕೆ ಮನೇನೂ ರಸ್ತೆ ಅಂದ್ಕೊಂಡಿದೆ."

"ಲಾರಿಯವ್ರಿಗೂ ಹಾಗೇ ಕಾಣುತ್ತೆ" ಎಂದಳು ಅಕ್ಕ, ಲೋಟ ಎತ್ತಿಕೊಳ್ಳುತ್ತಾ.

ಮೇಡಂ ನಕ್ಕುಬಿಟ್ಟಳು. ರಾಯರೂ ನಕ್ಕರು, ಆಕಾಶದವರು ಸೋತರಲ್ಲ ಎಂಬ ಸಂತೋಷಕ್ಕೆ. ಆ ತಪ್ಪನ್ನು ಕಂಪನಿಯವರು ಒಪ್ಪಿಕೊಂಡು, ಮನೆಯನ್ನು ರಸ್ತೆಯಿಂದ ಬಿಡುಗಡೆ ಮಾಡಿದರು. ಸೂರನ್ನೆಲ್ಲ ಕಳೆದ ಮೇಲೆ ಆಕಾಶದ ಅಳತೆ ವ್ಯಾನಿನ ಅಳತೆಗೆ ಹತ್ತಿರವೇ ಬಂತು.

ಉಳಿದದ್ದು ಎರಡು ತಕರಾರು. ಮೊದಲನೆಯದು ಭಾವನ ಹಲಗೆ.

ಸಿಮೆಂಟು ಲಾರಿ ಬಂದು ಹೋದ ಮೇಲೆ ಭಾವ ಒಂದು ಹಳೆಯ ಬಾಗಿಲಿನ ಹಲಗೆಗೆ ಹಳದಿ ಬಣ್ಣ ಬಳಿದು, ಅದರ ಮೇಲೆ ಕಪ್ಪಿನಲ್ಲಿ ದುಂಡು ದುಂಡಾಗಿ ಬರೆದು, ತಿರುವಿನ ಮೊದಲಲ್ಲಿ ಒಂದು ಕಂಬಕ್ಕೆ ಬಿಗಿದಿದ್ದರು. 'ಮುಂದೆ ಮನೆ ಇದೆ. ಒಳಗೆ ಜನ ಇದ್ದಾರೆ.' ಆಯುಷ್ಯವೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ. ಇಲಾಖೆಯ ಫಲಕಕ್ಕಿಂತ ಒಂದು ಕೈ ಮೇಲೇ ಇತ್ತು. ಚಾಲಕರು ಅದನ್ನು ಓದಲು ನಿಧಾನ ಮಾಡುತ್ತಿದ್ದರು, ಓದಿ ನಗುತ್ತಿದ್ದರು, ನಗುತ್ತಾ ತಿರುಗಿಸಿಕೊಂಡು ಹೋಗುತ್ತಿದ್ದರು. ಹಲಗೆ ಬಿಗಿದ ಮೇಲೆ ಗೋಡೆಗೆ ಯಾರೂ ಬಂದಿರಲಿಲ್ಲ.

ವ್ಯಾನಿನ ಕಂಪ್ಯೂಟರು ಅದನ್ನು ಸಂಚಾರ ಫಲಕ ಎಂದು ಎಣಿಸಿತ್ತು. ರಾಯರು ಎಣಿಸಿರಲಿಲ್ಲ. ಆಕಾಶದಿಂದ ಅದು ಕಾಣುವಂತಿರಲಿಲ್ಲ. ಫಲಕಗಳ ಲೆಕ್ಕ ಹೀಗೆ ಮೂವರದ್ದೂ ತಾಳೆಯಾಗಲಿಲ್ಲ.

"ಅದು ಫಲಕ ಅಲ್ಲ ಸಾರ್, ನಮ್ಮ ಭಾವ" ಎಂದರು ರಾಯರು ಸಭೆಯಲ್ಲಿ.

ಸಾಹೇಬರು ಬಹಳ ಹೊತ್ತು ಯೋಚಿಸಿದರು. ಇಲಾಖೆಯ ನಕ್ಷೆಯಲ್ಲಿ ಇಲ್ಲದ ಫಲಕವನ್ನು ಇದೆ ಎಂದು ಬರೆದರೆ ಯಾರು ಹಾಕಿದ್ದು ಎಂದು ಮೇಲಿನವರು ಕೇಳುತ್ತಾರೆ. ಇಲ್ಲ ಎಂದು ಬರೆದರೆ ಚಿತ್ರದಲ್ಲಿ ಇದೆಯಲ್ಲ ಎಂದು ಕೇಳುತ್ತಾರೆ. "ತೆಗೆಸಿಬಿಡಿ ರಾಯರೇ. ಆಗ ಮೂವರಿಗೂ ಒಂದೇ ಉತ್ತರ ಬರುತ್ತೆ."

"ಬದಲಾವಣೆ ಮಾಡಬಾರದು ಅಂತ ಇದೆಯಲ್ಲ ಸಾರ್?"

"ಅಧಿಕೃತವಾಗಿ ಇಲ್ಲದ್ದನ್ನ ತೆಗೆದರೆ ಬದಲಾವಣೆ ಹೇಗಾಗುತ್ತೆ?"

ನಿಜ ಹೇಳಬೇಕೆಂದರೆ ಆ ತರ್ಕದ ಚೆಂದಕ್ಕೆ ರಾಯರು ತಲೆದೂಗಿದರು. ಸ್ಪ್ಯಾನರು ಹಿಡಿದು ತಾವೇ ಹೋಗಿ ಹಲಗೆ ಬಿಚ್ಚಿದರು. ಬೇರೆಯವರನ್ನು ಕಳಿಸಿದರೆ ಭಾವನಿಗೆ ಅವಮಾನವಾದೀತು ಎಂಬ ಸೂಕ್ಷ್ಮ ಅವರಿಗಿತ್ತು.

ಭಾವ ಪಕ್ಕದಲ್ಲೇ ನಿಂತು ನೋಡಿದರು. "ಒಂದು ಮಾತು ಹೇಳಿ ರಾಯರೇ. ಬರೆದದ್ದು ತಪ್ಪಾಯ್ತೋ, ಚೆನ್ನಾಗಿ ಬರೆದದ್ದು ತಪ್ಪಾಯ್ತೋ?"

"ಚೆನ್ನಾಗಿ ಬರೆದದ್ದು, ಭಾವ. ಕಾಗೆ ಕಾಲು ಗುಬ್ಬಿ ಕಾಲು ಬರೆದಿದ್ರೆ ಕಂಪ್ಯೂಟರು ಗಮನಿಸ್ತಾನೇ ಇರ್ಲಿಲ್ಲ."

"ನನ್ನ ಶಿಷ್ಯರ ಕೈಲಿ ಬರೆಸ್ಬೇಕಿತ್ತು ಹಾಗಾದ್ರೆ" ಎಂದು ಭಾವ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದರು. ಅಕ್ಕ ಮಾತ್ರ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಪಟ್ಟಿ ಬರೋ ತನಕ ಅದಾದ್ರೂ ಇರ್ಲಿ ಅಂತಿದ್ದೆ" ಎಂದಳು.

"ಇನ್ನೇನು ಅಕ್ಕ, ಮುಗಿದ ಹಾಗೇ."

ನಿಜಕ್ಕೂ ಮುಗಿದ ಹಾಗೇ ಇತ್ತು. ಉಳಿದಿದ್ದದ್ದು ಎರಡನೆಯ ತಕರಾರು: ತಿರುವಿನ ಹೊರಬದಿಯಲ್ಲಿ, ಅಂದರೆ ಅಕ್ಕನ ಮನೆಯ ಕಡೆ, ರಸ್ತೆ ಎಲ್ಲಿಗೆ ಕೊನೆಯಾಗುತ್ತದೆ ಎಂಬುದು. ಅಲ್ಲಿ ಟಾರು ಕಿತ್ತುಹೋಗಿ ಮೇಲೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಲೇಸರ್ ಕಿರಣ ಆ ಮಣ್ಣನ್ನೂ ರಸ್ತೆ ಎಂದೇ ಓದಿತ್ತು. ರಾಯರು ಚಪ್ಪಲಿಯ ಅಂಚಿನಿಂದ ಮಣ್ಣು ಕೆರೆದು, ಟಾರು ಸಿಕ್ಕ ಕಡೆಗೆ ಗಾಲಿ ನಿಲ್ಲಿಸಿದ್ದರು. ಇಬ್ಬರ ಅಳತೆಗೂ ಒಂದು ಗೇಣು ವ್ಯತ್ಯಾಸ.

ಮೇಡಂ ಕಚೇರಿಗೆ ಬಂದು ರಾಯರ ಮೇಜಿನ ಮುಂದೆ ಕೂತಳು. "ಸರ್, ಒಂದು ಗೇಣಿಂದ ತಿರುವಿನ ಅಪಾಯ ಹೆಚ್ಚೂ ಆಗಲ್ಲ, ಕಡಿಮೆನೂ ಆಗಲ್ಲ. ನನ್ನದರಲ್ಲೂ ತಪ್ಪಿರಬಹುದು. ಮಣ್ಣಿನ ಮೇಲೆ ಗಾಲೀನೂ ಜಾರುತ್ತೆ. ಎರಡರ ಸರಾಸರಿ ಹಾಕಿದೀನಿ. ಇಲ್ಲೊಂದು ಸಹಿ ಹಾಕಿದ್ರೆ ಹೋಲಿಕೆ ಮುಗೀತು, ನಾಳೆನೇ ರೈಲು ಹಾಕ್ಬಹುದು."

ಅವಳು ಹೇಳಿದ್ದೆಲ್ಲ ಸರಿಯಾಗಿತ್ತು. ಆದರೆ ಗಾಲಿ ಜಾರುತ್ತದೆ ಎಂಬ ಮಾತು ರಾಯರ ಕಿವಿಯಲ್ಲಿ ಸಿಕ್ಕಿಕೊಂಡು, ಮುಂದಿನ ಮಾತುಗಳನ್ನು ಒಳಗೆ ಬಿಡಲಿಲ್ಲ.

"ಸರಾಸರಿ? ನನ್ನ ಮುಖಕ್ಕೂ ನಿಮ್ಮ ಮುಖಕ್ಕೂ ಸರಾಸರಿ ಹಾಕಿದ್ರೆ ಯಾರ ಮುಖ ಬರುತ್ತೆ ಮೇಡಂ?"

"ಸರ್, ನಿಮ್ಮ ಅಕ್ಕ..."

"ಅಕ್ಕ ಬೇರೆ, ಅಳತೆ ಬೇರೆ. ಸಂಬಂಧ ಇದೆ ಅಂತ ನಾನು ಅಂಕಿ ಬಿಟ್ಟುಕೊಡಲಾ?"

ಆಕ್ಷೇಪಣೆ ಬರೆದರು. ಅದರಲ್ಲಿ ಲೇಸರ್ ಕಿರಣಕ್ಕೆ ಮಣ್ಣು ಯಾವುದು ಟಾರು ಯಾವುದು ತಿಳಿಯದೆಂದೂ, ಆದ್ದರಿಂದ ಈ ತಿರುವಿನಲ್ಲಿ ವ್ಯಾನಿನ ಅಳತೆ ವಿಶ್ವಾಸಕ್ಕೆ ಅನರ್ಹವೆಂದೂ ಸಾಧಿಸಿದ್ದರು. ಸಾಹೇಬರು ಮೆಚ್ಚಿ ಮೇಲಕ್ಕೆ ಕಳಿಸಿದರು. ಮೇಲಿನವರು ಕಂಪನಿಯ ಉತ್ತರ ಕೇಳಿದರು. ಕಂಪನಿಯವರು ಮಣ್ಣಿನ ಮೇಲೆ ಗಾಲಿ ಎಷ್ಟು ಜಾರುತ್ತದೆ ಎಂದು ಚಿತ್ರಸಮೇತ ವಿವರಿಸಿದರು. ರಾಯರು ಅದಕ್ಕೊಂದು ಮರುತ್ತರ ಬರೆದರು. ಅದನ್ನು ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದರು. ಅವಳು ಕೇಳಿ, "ಈಗ ಅತ್ತಿಗೆ ಮನೆ ಮುಂದೆ ಪಟ್ಟಿ ಯಾವಾಗ ಹಾಕ್ತಾರೆ?" ಎಂದಳು. ಹೆಂಗಸರಿಗೆ ವಿಧಾನದ ಸೂಕ್ಷ್ಮ ತಿಳಿಯುವುದಿಲ್ಲ ಎಂದು ರಾಯರು ದೀಪ ಆರಿಸಿದರು. ಹೀಗೆ ಬೇಸಿಗೆ ಕಳೆಯಿತು, ಮಳೆಯೂ ಬಂದು ಹೋಯಿತು. ತಿರುವಿನಲ್ಲಿ ಒಂದು ಕಲ್ಲೂ ಅಲುಗಾಡಲಿಲ್ಲ. ಆದೇಶ ಅಷ್ಟು ಚೆನ್ನಾಗಿ ಪಾಲನೆಯಾಗುತ್ತಿತ್ತು.

ಒಂದು ಬೆಳಿಗ್ಗೆ ರಾಯರು ಇನ್ನೊಂದು ಆಕ್ಷೇಪಣೆಯ ಮೊದಲ ವಾಕ್ಯವನ್ನು ಹದಗೊಳಿಸುತ್ತಿದ್ದಾಗ ಫೋನು ಬಂತು. ಅಕ್ಕನ ಪಕ್ಕದ ಮನೆಯವರು.

ಜಲ್ಲಿ ತುಂಬಿದ ಲಾರಿ. ಇಳಿಜಾರಿನಲ್ಲಿ ಬಂದದ್ದು ತಿರುಗಿರಲಿಲ್ಲ. ಕಾಂಪೌಂಡು ಗೋಡೆ, ಕಲ್ಲುಬೆಂಚು, ಬೆಂಚಿನ ಮೇಲೆ ಪೇಪರು ಓದುತ್ತಿದ್ದ ಭಾವ, ಅವರ ಹಿಂದೆ ಮುಂಬದಿ ಕೋಣೆಯ ಗೋಡೆ, ಇಷ್ಟನ್ನೂ ಅದೇ ಕ್ರಮದಲ್ಲಿ ದಾಟಿ, ಹೊಲಿಗೆ ಯಂತ್ರದ ಹತ್ತಿರ ಬಂದು ನಿಂತಿತ್ತು. ಅಕ್ಕ ಹಿಂದುಗಡೆ ಒಲೆಯ ಮೇಲಿಂದ ಚಹಾ ಇಳಿಸುತ್ತಿದ್ದಳು, ಅದಕ್ಕೆ ಉಳಿದಳು. ಗಂಡನಿಗಾಗಿ ಸೋಸಿದ ಚಹಾ.

ರಾಯರು ಹೋಗುವ ಹೊತ್ತಿಗೆ ಭಾವನನ್ನು ಒಯ್ದಾಗಿತ್ತು. ಚಾಲಕ ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ ಹಿಡಿದುಕೊಂಡಿದ್ದ. ಎಳೆಯ ಮುಖ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಇಲ್ಲಿ ತಿರುವಿದೆ ಅಂತ ಗೊತ್ತಾಗ್ಲಿಲ್ಲ ಅಣ್ಣ. ಮನೆ ಇದೆ ಅಂತಾನೂ ಗೊತ್ತಾಗ್ಲಿಲ್ಲ."

ಪೊಲೀಸಿನವನು ರಾಯರ ಕೈಯನ್ನು ನೋಡಿದ. ಅವರು ಗಾಲಿ ಹಿಡಿದುಕೊಂಡೇ ಬಂದುಬಿಟ್ಟಿದ್ದರು. ಕಚೇರಿಯಿಂದ ಹೊರಡುವಾಗ ಕೈ ತಾನಾಗಿ ಅದನ್ನು ಎತ್ತಿಕೊಂಡಿತ್ತು.

"ಇಲಾಖೆಯವರಾ? ಒಳ್ಳೇದಾಯ್ತು. ಟಯರಿನ ಗುರುತಿಂದ ಗೋಡೆ ತನಕ ಅಳೆದು ಕೊಡಿ, ಪಂಚನಾಮೆಗೆ ಬೇಕು."

ಸತ್ತವರು ನನ್ನ ಭಾವ ಎಂದು ಹೇಳಬೇಕೆಂದುಕೊಂಡರು. ಆದರೆ ಆಯುಷ್ಯದಲ್ಲಿ ಅಳೆಯಿರಿ ಎಂದವರಿಗೆ ಇಲ್ಲ ಎಂದ ಅಭ್ಯಾಸವಿಲ್ಲ. ಗಾಲಿಯನ್ನು ಕಪ್ಪು ಗುರುತಿನ ತುದಿಗೆ ಇಟ್ಟು ತಳ್ಳಿದರು. ಟಿಕ್ ಎಂದಿತು. ಕಿತ್ತುಹೋದ ಟಾರಿನ ಅಂಚು ದಾಟಿತು, ಅವರೂ ಮೇಡಮ್ಮೂ ಜಗಳವಾಡಿದ ಆ ಒಂದು ಗೇಣು ಮಣ್ಣನ್ನೂ ದಾಟಿತು. ಅಲ್ಲಿ ಗಾಲಿ ಜಾರಿದ್ದು ಅವರ ಅಂಗೈಗೆ ಸ್ಪಷ್ಟವಾಗಿ ಗೊತ್ತಾಯಿತು. ಮುಂದೆ ಜಲ್ಲಿ, ಮುರಿದ ಇಟ್ಟಿಗೆ. ಟಿಕ್, ಟಿಕ್.

ಒಳಗೆ, ಗೋಡೆಯಿಲ್ಲದ ಕೋಣೆಯಲ್ಲಿ, ಯಾರೋ ತಂದಿಟ್ಟ ಕುರ್ಚಿಯ ಮೇಲೆ ಅಕ್ಕ ಕೂತಿದ್ದಳು. "ಆ ಸದ್ದು ನಿಲ್ಸು" ಎಂದಳು.

ನಿಲ್ಲಿಸಿದರು. ಪಂಚನಾಮೆಯಲ್ಲಿ ಆ ಅಂಕಿ ಅಂದಾಜಿನದ್ದು.

ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಸಾಹೇಬರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅದನ್ನು ಒರೆಸಿಕೊಂಡ ಮೇಲೆ ಅವರು ಕರ್ತವ್ಯಕ್ಕೆ ತಿರುಗಿದರು. ಗೋಡೆ ಹೋಗಿದೆ, ಅಂಚು ಒಡೆದಿದೆ, ಹೊರಬದಿಯ ರೂಪವೇ ಬದಲಾಗಿದೆ. ಮಾದರಿ ತುಂಡು ಬದಲಾಗಬಾರದು ಎಂದಿದೆ, ಬದಲಾಗಿದೆ. ಆದ್ದರಿಂದ ಆ ತಿರುವನ್ನು ಹೋಲಿಕೆಯಿಂದಲೇ ಕೈಬಿಟ್ಟು ಉಳಿದ ಭಾಗದ ಮೇಲೆ ವರದಿ ಮುಗಿಸುವುದು. ಉಳಿದ ಭಾಗದಲ್ಲಿ ತಕರಾರೇ ಇರಲಿಲ್ಲ. ವರದಿ ಕೂಡಲೇ ಮುಗಿಯಿತು. ಹೆದ್ದಾರಿಗೆ ವ್ಯಾನು ಉತ್ತಮ, ವ್ಯಾನು ಹೋಗದ ಕಡೆ ಗಾಲಿ, ದೂರದ ಬಯಲಿಗೆ ಆಕಾಶದ ಚಿತ್ರ. ನಡೆದು ಅಳೆಯುವ ವಿಧಾನದ ಸೂಕ್ಷ್ಮತೆಯನ್ನು ವರದಿಯಲ್ಲಿ ವಿಶೇಷವಾಗಿ ಕೊಂಡಾಡಲಾಗಿತ್ತು. ರಾಯರು ಎಲ್ಲ ಹಾಳೆಗಳಿಗೂ ಓದದೆ ಸಹಿ ಹಾಕಿದರು. ಓದದೆ ಸಹಿ ಹಾಕಿದ್ದು ಅದೇ ಮೊದಲು.

ಅದಾದ ಮೇಲೆ ಹೆದ್ದಾರಿಗೆ ಗಾರ್ಡ್‌ರೈಲು ಬರತೊಡಗಿತು. ಒಪ್ಪಿತವಾದ ಅಳತೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಹಾಕುತ್ತಾ ಬಂದರು. ಹೊಸ ಕಬ್ಬಿಣ, ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಗುಡ್ಡ ಇಳಿದು, ತಿರುವಿನ ಬಾಯಿಗೆ ಬಂದು ನಿಂತಿತು. ತಿರುವು ದಾಟಿದ ಮೇಲೆ ಮತ್ತೆ ಶುರುವಾಯಿತು. ನಡುವೆ ಅಕ್ಕನ ಮನೆಯ ಮುಂದೆ ಮಾತ್ರ ಏನೂ ಇರಲಿಲ್ಲ.

ರಾಯರು ಸಾಹೇಬರ ಕೋಣೆಗೆ ಹೋದರು. ಈ ಸಲ ಕೂರಿ ಎಂದರೂ ಕೂರಲಿಲ್ಲ.

"ಸಾರ್, ವ್ಯಾನಿನ ಅಳತೆ ತಗೊಂಡು ಅಲ್ಲೂ ಹಾಕ್ಸಿ. ಅದೇ ಸರಿ. ನನ್ನದು ತಪ್ಪು."

"ಅದು ಹೇಗಾಗುತ್ತೆ ರಾಯರೇ? ಆ ತಿರುವಲ್ಲಿ ವ್ಯಾನಿನ ಅಳತೆ ನಂಬೋ ಹಾಗಿಲ್ಲ ಅಂತ ಬರೆದೋರು ನೀವೇ ಅಲ್ವಾ? ಎಷ್ಟು ಚೆನ್ನಾಗಿ ಬರೆದಿದ್ರಿ. ಮೇಲಿನೋರು ಪೂರ್ತಿ ಒಪ್ಪಿಬಿಟ್ರು."

"ಹಾಗಾದ್ರೆ ಗಾಲಿ ಅಳತೇನೇ ತಗೊಳ್ಳಿ."

"ಕಂಪನಿಯವರ ಉತ್ತರಾನೂ ಒಪ್ಪಿದ್ದಾರೆ. ಗಾಲಿ ಜಾರುತ್ತೆ ಅಂತ."

"ಹೊಸದಾಗಿ ಅಳೀತೀನಿ ಸಾರ್. ಈಗ್ಲೇ ಹೋಗ್ತೀನಿ."

"ಹೆದ್ದಾರಿಗೆ ಇನ್ಮೇಲೆ ವ್ಯಾನು ಮಾತ್ರ ಅಂತ ತೀರ್ಮಾನ ಆಯ್ತಲ್ಲ. ನೀವೂ ಸಹಿ ಹಾಕಿದೀರಿ." ಸಾಹೇಬರು ಎದ್ದು ಬಂದು ರಾಯರ ಭುಜದ ಮೇಲೆ ಕೈಯಿಟ್ಟರು. "ವ್ಯಾನಿನ ಮುಂದಿನ ಸುತ್ತಲ್ಲಿ ಆ ತಿರುವೂ ಬರುತ್ತೆ. ಅಲ್ಲೀವರೆಗೂ ಲೆಕ್ಕದ ಪ್ರಕಾರ ಅಲ್ಲಿ ರಸ್ತೆನೇ ಇಲ್ಲ, ನಾನೇನ್ ಮಾಡ್ಲಿ ಹೇಳಿ."

ಮುಂದಿನ ಸುತ್ತು ಯಾವಾಗ ಎಂದು ರಾಯರು ಕೇಳಲಿಲ್ಲ. ಸಾಹೇಬರಿಗೂ ಅದು ತಿಳಿದಂತಿರಲಿಲ್ಲ.

ಗಾಲಿಯನ್ನು ಕಚೇರಿಯಲ್ಲೇ ಬಿಟ್ಟು ಅಕ್ಕನ ಮನೆಗೆ ಹೋದರು. ಮುಂಬದಿಯ ಕೋಣೆಗೆ ಹಳೆಯ ಟಾರ್ಪಾಲು ಇಳಿಬಿಟ್ಟಿತ್ತು. ಯಾವುದಾದರೂ ವಾಹನ ಹೋದಾಗ ಅದು ಉಬ್ಬಿ ಒಳಕ್ಕೆ ಬರುತ್ತಿತ್ತು. ಅಕ್ಕ ಹೊಲಿಗೆ ಯಂತ್ರವನ್ನು ನಡುಮನೆಗೆ ಎಳೆದುಕೊಂಡು, ಬಲ್ಬಿನ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ರಾಯರು ಕುರ್ಚಿ ಎಳೆದುಕೊಂಡು ಟಾರ್ಪಾಲಿಗೆ ಬೆನ್ನು ಹಾಕಿ ಕೂತರು.

"ಪಟ್ಟಿ ಬರಲ್ಲ ತಾನೆ?" ಎಂದಳು ಅಕ್ಕ.

"ಸದ್ಯಕ್ಕೆ ಇಲ್ಲ."

"ನೋಡ್ದೆ. ಆ ಕಡೆ ತನಕ ಬಂದು ನಿಂತಿದೆ." ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದಳು. "ಆ ಹುಡುಗಿ ಬಂದಿದ್ಲು ಮೊನ್ನೆ. ತುಂಬಾ ಅತ್ಲು. ನೀನು ಸಹಿ ಹಾಕಿದ್ರೆ ಆವಾಗ್ಲೇ ಮುಗೀತಿತ್ತು ಅಂತ ಅವಳ ಬಾಯಿಂದ ಬಂದುಬಿಡ್ತು. ಹೇಳ್ಬೇಕು ಅಂತ ಹೇಳಿದ್ದಲ್ಲ ಪಾಪ."

ಅಕ್ಕ ದಾರವನ್ನು ಬೆಳಕಿಗೆ ಹಿಡಿದಳು.

"ಎಷ್ಟಿತ್ತು, ವ್ಯತ್ಯಾಸ?"

ರಾಯರು ಉತ್ತರ ಹೇಳಲು ಬಾಯಿ ತೆರೆದರು. ಅಂಕಿಗಳಿಗೆ ಎಂದೂ ಬರ ಬಾರದ ಬಾಯಿ. ಈಗ ಏನೂ ಬರದೆ, ಬಲಗೈ ಎತ್ತಿ ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ತೋರಿಸಿದರು. ಸರಿಯಾಗಿ ತೋರಿಸಲೆಂದು ಆ ಗೇಣನ್ನು ಒಮ್ಮೆ ಹಿಗ್ಗಿಸಿದರು, ಒಮ್ಮೆ ಕುಗ್ಗಿಸಿದರು.

ಅಕ್ಕ ಆ ಕೈಯನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡರು, ಬಯ್ದಿದ್ದರೆ ಅದನ್ನು ಹಿಡಿದುಕೊಂಡಾದರೂ ಮನೆಗೆ ಹೋಗಬಹುದಿತ್ತು. ಅವಳು ಮತ್ತೆ ಸೂಜಿಯ ಕಡೆಗೆ ಬಾಗಿದಳು.

ಇಳಿಜಾರಿನಲ್ಲಿ ಒಂದು ಭಾರದ ಲಾರಿ ಗೇರು ಬದಲಿಸುವ ಸದ್ದು ಕೇಳಿತು. ಅಕ್ಕ ಕೈ ಕೆಲಸ ಬಿಟ್ಟಳು, ಇಬ್ಬರೂ ಕಿವಿಗೊಟ್ಟರು. ಸದ್ದು ಹತ್ತಿರ ಬಂತು, ಟಾರ್ಪಾಲು ಉಬ್ಬಿತು, ಲಾರಿ ತಿರುಗಿಸಿಕೊಂಡು ಹೋಯಿತು.

"ಆ ಕಡೆ ಕೂತ್ಕೋಬೇಡ" ಎಂದಳು ಅಕ್ಕ. "ಇಲ್ಲಿ ಹಿಂದಕ್ಕೆ ಬಾ."

ರಾಯರು ಕುರ್ಚಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಿನ ಹತ್ತಿರ ಹೋಗಿ ಕೂತರು. ಅಲ್ಲಿಂದ ಹಿಂದಕ್ಕೆ ಇನ್ನು ಹಿತ್ತಲ ಗೋಡೆ ಮಾತ್ರ ಇತ್ತು.